ಪರಸಿ ಗೋಡೆಯ ಸೀಮೆಯಲ್ಲಿ ಗಾಳಿಯ ಪ್ರಶ್ನೆ

ಕೊಡ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಮನೆಯೊಳಗಿನ ಗಾಳಿಯ ವಿಚಾರ ನೆಲದಡಿಯ ಸುಣ್ಣಕಲ್ಲಿನಿಂದಲೇ ಆರಂಭವಾಗುತ್ತದೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಗುರುತಿಸುವ ಪದರಗಳಿಂದ ಚಪ್ಪಟೆ ಹಾಸುಗಳಾಗಿ ಏಳುವ ಈ ಕಲ್ಲು, ಪರಸಿ ಎಂಬ ಹೆಸರಿನಲ್ಲಿ ತಲೆಮಾರುಗಳಿಂದ ಇಲ್ಲಿನ ಮನೆಗಳ ಗೋಡೆಯೂ ನೆಲವೂ ಆಗಿದೆ. ಅದೇ ಕಲ್ಲು ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಉದ್ಯಮಕ್ಕೆ ಕಚ್ಚಾವಸ್ತುವಾಗಿ ಹೋಗುವಾಗ ಗಣಿಯಲ್ಲಿ, ಪಾಲಿಶ್ ಘಟಕದಲ್ಲಿ, ಲಾರಿಗಳ ಹಾದಿಯಲ್ಲಿ ಧೂಳಾಗಿ ಏಳುತ್ತದೆ. ಹೀಗೆ ಮನೆಯನ್ನು ತಂಪಾಗಿಡುವ ಕಲ್ಲೇ ಧೂಳಾಗಿ ಬಂದು ಕಿಟಕಿಯನ್ನೂ ಮುಚ್ಚಿಸುವುದರಿಂದ, ಶೀತದೇಶಗಳಿಗಾಗಿ ಹುಟ್ಟಿದ ಒಂದು ಯಂತ್ರ ಈ ಸೀಮೆಗೆ ಎಷ್ಟರಮಟ್ಟಿಗೆ ಒಗ್ಗುತ್ತದೆಂಬುದು ವಿಚಾರ ಮಾಡಬೇಕಾದ ವಿಷಯವಾಗಿದೆ.

ಎನರ್ಜಿ ರಿಕವರಿ ವೆಂಟಿಲೇಟರ್, ಚಿಕ್ಕದಾಗಿ ಇಆರ್‌ವಿ, ಎಂದು ಕರೆಯಲಾಗುವ ಈ ಯಂತ್ರದಲ್ಲಿ ಎರಡು ಫ್ಯಾನುಗಳಿದ್ದು, ಒಂದು ಮನೆಯ ಹಳಸಿದ ಗಾಳಿಯನ್ನು ಹೊರದಬ್ಬಿದರೆ ಇನ್ನೊಂದು ಹೊರಗಿನ ಗಾಳಿಯನ್ನು ಸೋಸಿ ಒಳತರುತ್ತದೆ. ಎರಡೂ ಪ್ರವಾಹಗಳು ತೆಳುಪೊರೆಗಳ ಅಕ್ಕಪಕ್ಕದಲ್ಲಿ ಬಹುಪಾಲು ಬೆರೆಯದೆ ಹಾಯುವಾಗ ಶಾಖವೂ ತೇವವೂ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಹೊರಗೆ 42 ಡಿಗ್ರಿ, ಒಳಗೆ 28 ಡಿಗ್ರಿ ಇದ್ದು ಯಂತ್ರದ ದಕ್ಷತೆ ಶೇ 70 ಇದ್ದರೆ, ಒಳಬರುವ ಗಾಳಿ ಸುಮಾರು 32 ಡಿಗ್ರಿಗೆ ಇಳಿದಿರುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಕೆನಡಾದ ರೆಜೈನಾ ನಗರದಲ್ಲಿ 1977ರಲ್ಲಿ ಕಟ್ಟಲಾದ ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್, ಬಿಗಿಯಾಗಿ ಮುಚ್ಚಿದ ಮನೆಗೆ ಶಾಖ ಮರಳಿ ಪಡೆಯುವ ಇಂಥ ವಾಯುಸಂಚಾರವನ್ನು ಅಳವಡಿಸಿದ ಮೊದಲ ಮನೆಗಳಲ್ಲೊಂದು. ಅಲ್ಲಿ ಉಳಿಸಬೇಕಾಗಿದ್ದುದು ಒಳಗಿನ ಬಿಸುಪು, ಇಲ್ಲಿ ಉಳಿಸಬೇಕಾದುದು ತಂಪು.

ತಂಪನ್ನು ಉಳಿಸುವ ಕೆಲಸವನ್ನು ಪರಸಿ ಗೋಡೆ ಯಂತ್ರವಿಲ್ಲದೆ ಮಾಡಿಕೊಂಡು ಬಂದಿದೆ. ಒಂದೂವರೆ ಅಡಿ ದಪ್ಪದ ಸುಣ್ಣಕಲ್ಲಿನ ಗೋಡೆಯ ಹೊರಮೈಗೆ ತಾಗಿದ ಮಧ್ಯಾಹ್ನದ ಬಿಸಿ ಒಳಮೈಗೆ ತಲುಪಲು ಸುಮಾರು ಹತ್ತು ತಾಸು ಬೇಕು. ಅಷ್ಟರಲ್ಲಿ ರಾತ್ರಿಯಾಗಿ, ಬಾಗಿಲು, ಕಿಟಕಿ, ಮಾಳಿಗೆಯ ಬೆಳಕಿಂಡಿಗಳನ್ನು ತೆರೆದಿದ್ದರೆ ಆ ಬಿಸಿ ಹೊರಟುಹೋಗಿ, ಕಲ್ಲು ಮರುದಿನಕ್ಕೆ ಬೇಕಾದ ತಂಪನ್ನು ತುಂಬಿಕೊಳ್ಳುತ್ತದೆ. ಇಂದು ಒಂದೇ ಕೋಣೆಗೆಂದು ಮಾರಾಟವಾಗುವ ಒಂದು ಬಗೆಯ ಯಂತ್ರದಲ್ಲಿ ಪಿಂಗಾಣಿಯ ತಿರುಳಿದ್ದು, ಸುಮಾರು 70 ಸೆಕೆಂಡಿಗೊಮ್ಮೆ ಫ್ಯಾನು ದಿಕ್ಕು ಬದಲಿಸಿದಂತೆಲ್ಲ ಆ ತಿರುಳು ಶಾಖವನ್ನು ಹಿಡಿದು ಬಿಡುತ್ತದೆ; ಅದು ನಿಮಿಷದ ಅವಧಿಯಲ್ಲಿ ಮಾಡುವುದನ್ನೇ ಗೋಡೆ ಇಡೀ ದಿನದ ಅವಧಿಯಲ್ಲಿ ಮಾಡುತ್ತದೆ. ಗೋಡೆಯ ಈ ಲೆಕ್ಕವೆಲ್ಲ ರಾತ್ರಿ ಕಿಟಕಿ ತೆರೆದಿರುವುದನ್ನೇ ನೆಚ್ಚಿಕೊಂಡಿದೆ.

ಆ ಕಿಟಕಿಯೇ ಈಗ ಕಷ್ಟಕ್ಕೆ ಸಿಲುಕಿದೆ. ಲಾರಿಗಳ ಹಾದಿಯ ಮಗ್ಗುಲಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಕಟ್ಟೆಯ ಮೇಲೆ ಸಂಜೆಗೆ ಬೆರಳೆಳೆದರೆ ಗೆರೆ ಮೂಡುವಷ್ಟು ಬೂದು ಪುಡಿ ಕೂತಿರುತ್ತದೆ, ಮತ್ತು ಕಣ್ಣಿಗೆ ಕಾಣುವ ಆ ಪುಡಿಗಿಂತ ಹೆಚ್ಚು ಅಪಾಯಕಾರಿಯಾದುದು ಕಾಣದೆ ಪುಪ್ಪುಸದ ಆಳಕ್ಕಿಳಿಯುವ, 2.5 ಮೈಕ್ರಾನಿಗಿಂತ ಸಣ್ಣ ಕಣಗಳು. ಇವುಗಳಿಗೆ ಭಾರತದ 2009ರ ಮಾನದಂಡ ವಾರ್ಷಿಕ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ ಮಿತಿ ಹಾಕಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಒಳಗಿನ ಹೊಗೆಯೂ ಕಡಿಮೆಯದಲ್ಲ: ರಾಶಿಯಾದ ಮೇಲೆ ಉಳಿಯುವ ತೊಗರಿ ಕಟ್ಟಿಗೆ ಈ ಸೀಮೆಯಲ್ಲಿ ಬಿಟ್ಟಿ ಸಿಗುವ ಉರುವಲಾದ್ದರಿಂದ, ಗ್ಯಾಸ್ ಬಂದ ಮನೆಗಳಲ್ಲೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಒಲೆ ಹೊತ್ತುವುದುಂಟು. ಆ ಹೊಗೆಗೆ ಇಆರ್‌ವಿ ಉತ್ತರವಲ್ಲ. ಮಸಿಯೂ ಎಣ್ಣೆಯ ಜಿಡ್ಡೂ ಅದರ ಪೊರೆಯನ್ನು ಬೇಗ ಕೆಡಿಸುತ್ತವೆ, ಅಡುಗೆಮನೆಗೆ ಬೇರೆಯೇ ಹೊಗೆಗೂಡು ಇರಲೇಬೇಕು.

ಧೂಳಿಗೆ ಅಂಜಿ ಮುಚ್ಚಿದ ಕೋಣೆಗೆ ಎಸಿ ಹಾಕಿಸಿಕೊಂಡವರಲ್ಲಿ ಅನೇಕರು ಅದು ಹೊರಗಿನ ಗಾಳಿಯನ್ನು ತಂಪುಮಾಡಿ ತರುತ್ತದೆಂದು ನಂಬಿದ್ದಾರೆ. ಸಾಮಾನ್ಯವಾದ ಸ್ಪ್ಲಿಟ್ ಎಸಿ ಒಳಗಿದ್ದ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಗಾಳಿಯಾಡದ ಹತ್ತು ಅಡಿ ಉದ್ದಗಲದ ಕೋಣೆಯಲ್ಲಿ ಇಬ್ಬರು ಮಲಗಿದರೆ ಇಂಗಾಲದ ಡೈಆಕ್ಸೈಡ್ ಒಂದೇ ತಾಸಿನಲ್ಲಿ, ಜರ್ಮನಿಯ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಒಳ್ಳೆಯ ಗಾಳಿಗೆ ಗೆರೆಯೆಂದು ಸೂಚಿಸಿದ ಹತ್ತು ಲಕ್ಷಕ್ಕೆ ಸಾವಿರ ಭಾಗವನ್ನು ದಾಟುತ್ತದೆ. ಇಆರ್‌ವಿ ನಿಜವಾಗಿ ಒದಗುವುದು ಇಂಥ ಕೋಣೆಗೆ, ಅದರಲ್ಲೂ ದಮ್ಮಿನ ರೋಗಿಯೋ ಹಸುಗೂಸೋ ಇರುವ ಮನೆಗೆ. ಆದರೆ ವಿದ್ಯುತ್ತಿನ ಉಳಿತಾಯವನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ: ಮೇಲೆ ಹೇಳಿದ ಉಷ್ಣಾಂಶಗಳಲ್ಲಿ ತಾಸಿಗೆ 100 ಘನಮೀಟರ್ ಗಾಳಿ ಬದಲಿಸುವಾಗ ತಡೆಯಾಗುವ ಶಾಖ ಸುಮಾರು 320 ವ್ಯಾಟ್, ಅದರಿಂದ ಎಸಿಗೆ ಉಳಿಯುವ ವಿದ್ಯುತ್ತು ನೂರು ವ್ಯಾಟಿನ ಆಸುಪಾಸು, ಅದರಲ್ಲೂ ಒಂದು ಪಾಲನ್ನು ಯಂತ್ರದ ಫ್ಯಾನುಗಳೇ ತಿನ್ನುತ್ತವೆ. ಈ ಸೀಮೆಯಲ್ಲಿ ಅದರ ಬೆಲೆ ಇರುವುದು ಮೊದಲು ಸೋಸುಕದಲ್ಲಿ, ಆಮೇಲೆ ಉಳಿತಾಯದಲ್ಲಿ.

ಬೇಸಿಗೆಯಲ್ಲಿ ಕೂಲರ್ ಇಟ್ಟುಕೊಳ್ಳುವ ಮನೆಗೆ ಇದರ ಅಗತ್ಯವೇ ಇಲ್ಲ; ಕೂಲರ್ ಹೊರಗಿನ ಒಣಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ತಂಪುಮಾಡುತ್ತದೆ, ಮತ್ತು ಎದುರಿನ ಕಿಟಕಿ ತೆರೆದಿದ್ದರಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಮನೆಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆಯೂ ಉಷ್ಣ-ಶುಷ್ಕ ವಲಯದಲ್ಲಿ ನೆಲದ ವಿಸ್ತೀರ್ಣದ ಶೇ 10ರಷ್ಟಾದರೂ ತೆರೆಯಬಲ್ಲ ಕಿಟಕಿ-ಬಾಗಿಲು ಇರಬೇಕೆಂದು ಕೇಳುತ್ತದೆ.

ಯಂತ್ರವನ್ನು ಕೂರಿಸುವವರು ಗಾಳಿ ಎಳೆಯುವ ಬಾಯಿಯನ್ನು ರಸ್ತೆ ಮತ್ತು ಒಲೆಯ ಹೊಗೆಗೆ ಬೆನ್ನಾಗಿ, ನೆಲದಿಂದ ಎತ್ತರದಲ್ಲಿ ಇಡಬೇಕು; ಹೊರಗೆ ತಂಪಾದ ರಾತ್ರಿ ಶಾಖ ವಿನಿಮಯ ತಪ್ಪಿಸಿ ಗಾಳಿಯನ್ನು ನೇರ ಒಳಬಿಡುವ ಬೈಪಾಸ್ ಇರುವುದನ್ನೇ ಆರಿಸಬೇಕು; ಸೋಸುಕವನ್ನು ಪಟ್ಟಣಗಳಿಗೆ ಹೇಳಿದ ಅವಧಿಗಿಂತ ಬೇಗ ಬದಲಿಸಬೇಕು, ಏಕೆಂದರೆ ಸಿಮೆಂಟಿನ ಪುಡಿ ಮಳೆಗಾಲದ ತೇವ ಹೀರಿ ಅದರ ಮೇಲೆಯೇ ಗಟ್ಟಿಯಾಗಬಲ್ಲದು. ಕರೆಂಟು ಹೋದಾಗ ಯಂತ್ರ ನಿಲ್ಲುವುದರಿಂದ, ತೆರೆಯಲಾಗದ ಕಿಟಕಿಗಳನ್ನು ಮಾತ್ರ ಯಾವ ಕಾರಣಕ್ಕೂ ಹಾಕಿಸಬಾರದು. ಹೊಸದಾಗಿ ಕಲ್ಲಿನ ಮನೆ ಕಟ್ಟುವವರು, ಯಂತ್ರವನ್ನು ಈಗಲೇ ಕೊಳ್ಳದಿದ್ದರೂ, ಮಲಗುವ ಕೋಣೆಯ ಹೊರಗೋಡೆಯಲ್ಲಿ ಆರಿಂಚಿನ ಒಂದು ಪೈಪನ್ನು ಹೊರಕ್ಕೆ ತುಸು ಇಳಿಜಾರಾಗಿ ಕೂರಿಸಿ ಬಾಯಿ ಮುಚ್ಚಿಡುವುದು ಒಳಿತು. ಗೋಡೆ ಏಳುವಾಗ ಗೌಂಡಿಗೆ ಅದು ಅರ್ಧ ತಾಸಿನ ಕೆಲಸ, ಎದ್ದ ಮೇಲೆ ಒಂದೂವರೆ ಅಡಿ ಪರಸಿಯನ್ನು ಕೊರೆಯಬೇಕಾಗುತ್ತದೆ.