ದೊಡ್ಡ ಬ್ಯಾಂಕಿನಲ್ಲಿ ಆರು ವಾರ

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಒಂದು ಹೊಸ ಶಬ್ದ ಬಂದು ಸೇರಿಕೊಂಡಿದೆ. ಅದೇ ‘ಇಂಟರ್ನ್‌ಷಿಪ್’. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದರ ಮಾತು ಬಾರದೆ ರಾತ್ರಿಯ ಊಟ ಮುಗಿಯುವುದಿಲ್ಲ. ಶಬ್ದ ಹೊಸದು, ವಿಷಯ ಹಳೆಯದು. ಹಿಂದಿನವರು ಇದನ್ನೇ ಉಮೇದುವಾರಿ ಎನ್ನುತ್ತಿದ್ದರು. ಸಂಬಳವಿಲ್ಲದೆ ಕಚೇರಿಯ ಮೂಲೆಯಲ್ಲಿ ಕುಳಿತು, ಹಿರಿಯ ಗುಮಾಸ್ತೆಯ ಕಡತಗಳನ್ನು ಎತ್ತಿಡುತ್ತ, ನೋಡಿ ನೋಡಿ ಕೆಲಸ ಕಲಿಯುವುದು ಆಗಿನ ಪದ್ಧತಿ. ಈಗ ಅದಕ್ಕೆ ಕೊರಳಪಟ್ಟಿಯ ಗುರುತುಚೀಟಿ ಬಂದಿದೆ, ಕೊನೆಯಲ್ಲಿ ಒಂದು ಪ್ರಮಾಣಪತ್ರವೂ ಬರುತ್ತದೆ.

ನಮ್ಮ ಅಕ್ಕನ ಮಗಳು ಮುಂಬಯಿಯಲ್ಲಿ ಎಂ.ಕಾಂ. ಓದುತ್ತಾಳೆ. ಕಳೆದ ಬೇಸಗೆಯಲ್ಲಿ ಫೋರ್ಟ್ ಭಾಗದ ಒಂದು ದೊಡ್ಡ ಬ್ಯಾಂಕಿನ ಶಾಖೆಯಲ್ಲಿ ಆರು ವಾರ ಕೆಲಸ ಕಲಿತು ಬಂದಳು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅವಳ ಅನುಭವ ಯಾವ ಬ್ಯಾಂಕಿನಲ್ಲಿಯೂ ಆಗಬಹುದಾದದ್ದು. ಅದನ್ನು ನಮ್ಮ ಬಂಧುಗಳ ಮುಂದಿಟ್ಟರೆ ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಈ ಲೇಖನ.

ಹುಡುಗಿ ಹೊರಟಾಗ ಮನೆಯಲ್ಲಿ ದೊಡ್ಡ ಸಂಭ್ರಮ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕೋಟಿಗಟ್ಟಲೆ ಸಾಲದ ಲೆಕ್ಕಾಚಾರ, ಇವೇ ಅವಳ ಕಲ್ಪನೆಯಲ್ಲಿದ್ದುವು. ಮೊದಲ ವಾರ ಅವಳಿಗೆ ಸಿಕ್ಕಿದ್ದು ಬಾಗಿಲ ಬಳಿಯ ಒಂದು ಮೇಜು. ಬಂದವರಿಗೆ ಚಲನ್ ಬರೆದುಕೊಡುವುದು, ಪಾಸ್‌ಬುಕ್ ಮುದ್ರಿಸುವ ಯಂತ್ರದ ಬಳಿಗೆ ಕರೆದೊಯ್ಯುವುದು, ಫಾರಮಿಗೆ ಭಾವಚಿತ್ರ ಅಂಟಿಸುವುದು. ಬ್ಯಾಂಕಿನ ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲ. ಭತ್ಯದ ಮಾತೂ ಇಲ್ಲ. ಲೋಕಲ್ ರೈಲಿನ ಪಾಸು ಮನೆಯ ಖರ್ಚು. “ಮಾಮಾ, ಇದಕ್ಕಾಗಿ ನಾನು ಎಂ.ಕಾಂ. ಓದಬೇಕಿತ್ತೇ?” ಎಂದು ಒಂದು ಸಂಜೆ ಫೋನಿನಲ್ಲಿ ಕೇಳಿದಳು.

ಅವಳ ಬೇಸರ ನ್ಯಾಯವಾದದ್ದೇ. ಆದರೆ ಕಂಪ್ಯೂಟರು ಮುಟ್ಟಗೊಡದಿರುವುದಕ್ಕೆ ಕಾರಣವಿದೆ. ಬ್ಯಾಂಕಿನಲ್ಲಿ ಒಬ್ಬರು ದಾಖಲಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದಾಗಲೇ ವ್ಯವಹಾರ ಪೂರ್ತಿಯಾಗುತ್ತದೆ. ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸಿದರೆ ಈ ಕಾವಲೇ ಮುರಿಯುತ್ತದೆ. ಆರು ವಾರಕ್ಕೆ ಬಂದವರ ಕೈಗೆ ಜನರ ದುಡ್ಡಿನ ಬೀಗದಕೈ ಕೊಡದಿರುವುದು ಒಳ್ಳೆಯ ಮನೆಯ ಲಕ್ಷಣ.

ಎರಡನೆಯ ವಾರ ಹಿರಿಯ ಅಧಿಕಾರಿಯೊಬ್ಬರು ಅವಳಿಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳ ಒಂದು ಕಟ್ಟನ್ನು ಕೊಟ್ಟು, “ಬಿಡುವಾದಾಗ ಓದು” ಎಂದರಂತೆ. ಸುತ್ತೋಲೆ ಓದುವುದು ಎಷ್ಟು ರುಚಿಕರವೆಂಬುದು ಸರ್ಕಾರಿ ಕಡತಗಳ ನಡುವೆ ಬಾಳುವ ನಮಗೆ ಗೊತ್ತು. ಆದರೂ ಹುಡುಗಿ ಓದಿದಳು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಖೋಟಾ ನೋಟು ಸಿಕ್ಕರೆ ಪೊಲೀಸರಿಗೆ ತಿಂಗಳಿಗೊಮ್ಮೆ ಒಟ್ಟು ವರದಿ, ಐದು ಅಥವಾ ಹೆಚ್ಚಾದರೆ ಪೊಲೀಸ್ ದೂರು, ಎರಡರಲ್ಲಿಯೂ ನೋಟನ್ನು ತಂದವರಿಗೆ ಹಿಂದಿರುಗಿಸುವಂತಿಲ್ಲ, ಹೀಗೆ ಒಂದೊಂದೇ ತಿಳಿಯಿತು. ಎರಡು ವರ್ಷ ಖಾತೆದಾರರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆಂಬುದೂ, ಅದನ್ನು ಮತ್ತೆ ಚಾಲೂ ಮಾಡುವ ಕ್ರಮವೂ ಆ ಕಟ್ಟಿನಲ್ಲಿತ್ತು.

ನಾಲ್ಕನೆಯ ವಾರ ಆ ಓದು ಕೆಲಸಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಕೆಲಸದ ಒಬ್ಬ ಹೆಂಗಸು ಒಳಗೆ ಬಂದಳು. ಯಾದಗಿರಿ ಕಡೆಯವಳು. 2015ರಲ್ಲಿ ಊರಿನಲ್ಲಿ, ಅದೇ ಬ್ಯಾಂಕಿನ ಶಾಖೆಯಲ್ಲಿ ಜನಧನ ಖಾತೆ ತೆರೆದಿದ್ದಳು. ಬಳಿಕ ಮುಂಬಯಿಗೆ ಬಂದು ಮೂರು ವರ್ಷ ಖಾತೆಯನ್ನು ಮುಟ್ಟಿರಲಿಲ್ಲ. ಮಗಳ ಹೆರಿಗೆ ಹತ್ತಿರ ಬಂದಿದೆ. ಹನ್ನೊಂದು ಸಾವಿರ ರೂಪಾಯಿ ಅದರಲ್ಲಿದೆ. ತೆಗೆಯಲು ಬಂದರೆ ಖಾತೆ ನಿಂತಿದೆ. ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಗೆರೆ ಮೂಡದು, ಸಿಮೆಂಟು ತಿಂದ ಬೆರಳು. ಫೋನಿನ ನಂಬರೂ ಹಳೆಯದಲ್ಲ. ಕೌಂಟರಿನವರು ಹಿಂದಿಯಲ್ಲಿ, “ನಿಮ್ಮ ಊರಿನ ಶಾಖೆಗೇ ಹೋಗಿ” ಎಂದುಬಿಟ್ಟರು. ಆಕೆಗೆ ಅರ್ಥವಾದದ್ದು ಅರ್ಧ. ಗೋಡೆಗೆ ಒರಗಿ ತನ್ನಷ್ಟಕ್ಕೆ, “ಯವ್ವಾ, ನನ್ನ ರೊಕ್ಕ ಹೋದವೇನು?” ಎಂದುಕೊಂಡಳು.

ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದ ನಮ್ಮ ಹುಡುಗಿಯ ಕಿವಿಗೆ ಅದು ಬಿತ್ತು. “ಎಲ್ಲೂ ಹೋಗಿಲ್ಲಮ್ಮಾ, ಬನ್ನಿ ಕೂತ್ಕೊಳ್ಳಿ” ಎಂದು ಕನ್ನಡದಲ್ಲಿ ಕರೆದಳು. ಮೂರು ವಾರದಿಂದ ಆ ಶಾಖೆಯಲ್ಲಿ ಅವಳು ಕನ್ನಡ ಆಡಿರಲಿಲ್ಲ.

ಆಮೇಲೆ ತಾನು ಓದಿದ ಸುತ್ತೋಲೆಯನ್ನು ಹುಡುಕಿ ಹಿರಿಯ ಅಧಿಕಾರಿಗೆ ತೋರಿಸಿದಳು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಆದೇಶದಲ್ಲಿ ಮಾತು ಸ್ಪಷ್ಟವಾಗಿದೆ: ನಿಷ್ಕ್ರಿಯ ಖಾತೆಯ ಗುರುತಿನ ದಾಖಲೆಯನ್ನು ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಸರಿಪಡಿಸಬಹುದು, ಚಾಲೂ ಮಾಡಲು ಶುಲ್ಕ ಹಾಕುವಂತಿಲ್ಲ, ಅರ್ಜಿ ಪೂರ್ತಿಯಾಗಿದ್ದರೆ ಮೂರು ಕೆಲಸದ ದಿನಗಳೊಳಗೆ ಮುಗಿಸಬೇಕು. ಉಳಿತಾಯ ಖಾತೆ ನಿಷ್ಕ್ರಿಯವಾದರೂ ಬಡ್ಡಿ ನಿಲ್ಲುವುದಿಲ್ಲ. ಬೆರಳಿನ ಗುರುತು ಮೂಡದಿದ್ದರೆ ಮತದಾರರ ಚೀಟಿಯೂ ಒಪ್ಪಿತವಾದ ದಾಖಲೆಯೇ. ಆಕೆಯ ಸೆರಗಿನ ಗಂಟಿನಲ್ಲಿ ಆ ಚೀಟಿ ಇತ್ತು.

ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು, ಕೌಂಟರಿನವರನ್ನು ಕರೆದು ಓದಿಸಿದರು. ಸಾಕ್ಷಿಯ ಎದುರಿಗೆ ಆಕೆಯ ಹೆಬ್ಬೆಟ್ಟು ಹಾಕಿಸಿ ಅರ್ಜಿ ತೆಗೆದುಕೊಂಡರು. ಮೂರನೆಯ ದಿನ ಹಣ ಕೈಗೆ ಬಂತು. ಆಕೆ ಎರಡು ಬಾರಿ ಎಣಿಸಿ, ಹುಡುಗಿಯ ತಲೆ ನೇವರಿಸಿ ಹೋದಳಂತೆ. ಅಂದಿನಿಂದ “ಇದಕ್ಕಾಗಿ ಓದಬೇಕಿತ್ತೇ” ಎಂಬ ಪ್ರಶ್ನೆ ಮತ್ತೆ ಬರಲಿಲ್ಲ.

ಬ್ಯಾಂಕಿನ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಗಲ್ಲಿಟ್ಟರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನು ಆರಂಭಿಸಿದರು. 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತೆರೆಯಿತು. ದಿನಕ್ಕೆ ಎರಡಾಣೆಗಾಗಿ ಬ್ಯಾಂಕಿನ ಏಜೆಂಟರು ಮನೆಬಾಗಿಲಿಗೆ ನಡೆದುಹೋಗುತ್ತಿದ್ದರು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಹೆಸರು ಹೋದರೂ ಆ ಬ್ಯಾಂಕುಗಳನ್ನು ಬೆಳೆಸಿದ ಗುಟ್ಟು ಉಳಿದಿದೆ: ಬಡವನ ಎರಡಾಣೆಯನ್ನೂ ಲೆಕ್ಕಕ್ಕೆ ಹಿಡಿಯುವುದು, ಅವನ ಮಾತಿನಲ್ಲಿ ಅವನೊಡನೆ ಮಾತಾಡುವುದು. ಹುಡುಗಿ ಬಾಗಿಲ ಬಳಿ ಕಲಿತದ್ದು ಇದನ್ನೇ.

ಕಾಲೇಜಿಗೆ ಕೊಡಬೇಕಾದ ವರದಿಯಲ್ಲಿ ಸಹಪಾಠಿಗಳು ಬ್ಯಾಂಕಿನ ಇತಿಹಾಸ, ಲಾಭನಷ್ಟದ ಕೋಷ್ಟಕ ಇವನ್ನು ತುಂಬಿದರು. ಇವಳು ನಿಷ್ಕ್ರಿಯ ಖಾತೆಗಳ ಬಗ್ಗೆ, ವಲಸೆ ಬಂದ ಕೂಲಿಯವರಿಗೆ ಅದರಿಂದಾಗುವ ತೊಂದರೆಯ ಬಗ್ಗೆ ಬರೆದಳು. “ವಿಷಯ ಚಿಕ್ಕದಾಯಿತಲ್ಲ” ಎಂದರಂತೆ ಮಾರ್ಗದರ್ಶಕರು. ಹುಡುಗಿ ಬದಲಾಯಿಸಲಿಲ್ಲ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ಇಂಟರ್ನ್‌ಷಿಪ್ ಕೊಡಿಸುತ್ತೇವೆಂದು ಹಣ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ. ಮಗು ಯಾರ ಕೈಕೆಳಗೆ ಕೆಲಸ ಕಲಿಯುತ್ತದೆ, ಭತ್ಯ ಉಂಟೇ ಇಲ್ಲವೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಎಲ್ಲ ತರಬೇತಿಯೂ ಒಂದೇ ಅಲ್ಲ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಸೇರಿದವರಿಗೆ ಭತ್ಯ ಕೊಡಲೇಬೇಕು. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆ ಪೂರ್ಣಾವಧಿ ಓದಿನಲ್ಲಿಲ್ಲದ 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಹನ್ನೆರಡು ತಿಂಗಳು ಗೊತ್ತುಮಾಡಿತು. ಕಾಲೇಜಿನ ಕಟ್ಟಳೆಗಾಗಿ ಮಾಡುವ ಆರು ವಾರದ ಕಲಿಕೆಗೆ ಇಂಥ ಆಸರೆ ಎಷ್ಟೋ ಕಡೆ ಇಲ್ಲ. ದೊಡ್ಡ ಸಂಸ್ಥೆಗಳು ರೈಲಿನ ಖರ್ಚನ್ನಾದರೂ ಕೊಟ್ಟರೆ ಬಡವರ ಮಕ್ಕಳೂ ಆ ಬಾಗಿಲನ್ನು ದಾಟಿಯಾರು.

ನಮ್ಮ ಸಂಘಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಅವರು ಸಂಘದ ಕೋಣೆಯಲ್ಲಿ ಎರಡು ಗಂಟೆ ಕುಳಿತರೆ, ಒಂದು ಬದಿಗೆ ಇಂಟರ್ನ್‌ಷಿಪ್‌ಗೆ ಹೊರಟ ಮಕ್ಕಳು, ಇನ್ನೊಂದು ಬದಿಗೆ ಖಾತೆ ನಿಂತುಹೋದ ನಮ್ಮೂರ ಕೂಲಿಯವರು ಬಂದು ಕೂರಬಹುದು. ಮಕ್ಕಳು ಫಾರಮು ತುಂಬಲಿ, ಹಿರಿಯರು ತಿದ್ದಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ನಮ್ಮ ಕೋರಿಕೆ. ಒಂದು ಮೇಜು, ನಾಲ್ಕು ಕುರ್ಚಿ ಸಾಕು.