ಸಾಣೆಕಲ್ಲಿನ ಪರೀಕ್ಷೆ

ಹಿರಿಯರ ಪೆಟ್ಟಿಗೆಯಲ್ಲಿ ಎಣ್ಣೆ ಹೀರಿ ಕಪ್ಪಾಗಿ ಬಿದ್ದಿರುವ ಸಾಣೆಕಲ್ಲು ನಿರುಪಯುಕ್ತವೆಂದು ಬೀದಿಪಾಲಾಗುವುದುಂಟು. ಸಾಮಾನ್ಯವಾದ ಕಲ್ಲು ದೊಡ್ಡ ಹೆಸರು ಹೊತ್ತು ದೊಡ್ಡ ಬೆಲೆಗೆ ಮಾರಿಹೋಗುವುದೂ ಉಂಟು. ಈ ಎರಡು ನಷ್ಟಗಳಿಗೂ ಕಾರಣವೊಂದೇ: ನಾವು ಬಣ್ಣವನ್ನು ನಂಬುತ್ತೇವೆ. ಕಲ್ಲು ನುಡಿಯುವ ಸಾಕ್ಷ್ಯಗಳಲ್ಲಿ ಬಣ್ಣವೇ ಅತ್ಯಂತ ದುರ್ಬಲವಾದುದು.

ಅಮೆರಿಕದ ಅರ್ಕನ್ಸಾ ಸಂಸ್ಥಾನದಲ್ಲಿ ದೊರೆಯುವ ನೊವ್ಯಾಕ್ಯುಲೈಟ್ ಶಿಲೆಯನ್ನು ನೋಡೋಣ. ಕ್ಷೌರದ ಕತ್ತಿಗಿರುವ ಲ್ಯಾಟಿನ್ ಹೆಸರಿನಿಂದ ಹುಟ್ಟಿದ ಪದವಿದು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕಕಣಗಳು ಒತ್ತಾಗಿ ಬೆಸೆದು ಈ ಶಿಲೆಯಾಗಿದೆ. ಇದು ಬಿಳುಪಾಗಿರಬಹುದು, ಬೂದಾಗಿರಬಹುದು, ಕಪ್ಪಾಗಿಯೂ ಇರಬಹುದು. ಬಿಳಿಯ ತುಂಡನ್ನು ಅಮೃತಶಿಲೆಯೆಂದು ಭ್ರಮಿಸುವುದು ಸುಲಭ. ಆದರೆ ಚಾಕುವಿನ ಮೊನೆಯು ಅಮೃತಶಿಲೆಯನ್ನು ಗೀರುವುದು. ನೊವ್ಯಾಕ್ಯುಲೈಟಿನ ಮೇಲಾದರೋ ತನ್ನ ಲೋಹದ ಗೆರೆಯನ್ನೇ ಬಿಟ್ಟು ಜಾರುವುದು. ಇದರ ಮುರುಕು ಚಿಪ್ಪಿನಂತೆ ಬಾಗಿರುವುದು. ಅತ್ಯಂತ ನುಣುಪಾದ ಜಾತಿಯ ತೆಳ್ಳನೆಯ ಅಂಚನ್ನು ದೀಪದೆದುರು ಹಿಡಿದರೆ ಬೆಳಕು ಒಳಹಾಯ್ದು ಮಿನುಗುವುದು.

ಇದೇ ಶಿಲೆಯ ವಾಷಿಟಾ ಎಂಬ ಒರಟುಜಾತಿಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅದನ್ನು ಪತ್ತೆಹಚ್ಚಲು ತಕ್ಕಡಿಯೇ ಸಾಧನ. ಗಾಳಿಯಲ್ಲಿ 530 ಗ್ರಾಂ ತೂಗುವ ಕಲ್ಲು ನೀರಿನಲ್ಲಿ ಮುಳುಗಿದಾಗ 200 ಗ್ರಾಂ ಕಳೆದುಕೊಂಡರೆ ಅದರ ವಿಶಿಷ್ಟ ಗುರುತ್ವ 2.65, ರಂಧ್ರವಿಲ್ಲದ ಸ್ಫಟಿಕದ ಪ್ರಮಾಣ ಇದೇ. ವಾಷಿಟಾದ ಗುರುತ್ವ ಇದಕ್ಕಿಂತ ಸ್ಪಷ್ಟವಾಗಿ ಕಡಮೆ. ಹಳೆಯ ಎಣ್ಣೆ ರಂಧ್ರಗಳಲ್ಲಿ ಉಳಿದಿದ್ದರೆ ತೂಕ ಸುಳ್ಳು ಹೇಳುವುದರಿಂದ, ಮೊದಲು ಕಲ್ಲನ್ನು ಚೆನ್ನಾಗಿ ತೊಳೆದು ಒಣಗಿಸಬೇಕು.

ಹಾಗೆಂದು ಗಡಸುತನವೊಂದನ್ನೇ ಒರೆಗಲ್ಲಾಗಿ ಹಿಡಿದರೆ ಬೆಲ್ಜಿಯಂ ದೇಶದ ಕೋಟಿಕ್ಯೂಲ್ ಕಲ್ಲಿಗೆ ಅನ್ಯಾಯವಾದೀತು. ವೀಲ್‌ಸಾಲ್ಮಿನ ಸುತ್ತಣ ಆರ್ಡೆನ್ ಬೆಟ್ಟಗಳಲ್ಲಿ ತೆಳುಪದರಗಳಾಗಿ ಸಿಕ್ಕುವ ಈ ಹಳದಿ ಕಲ್ಲಿನ ಮೈ ಬಹುಮಟ್ಟಿಗೆ ಮೆತ್ತನೆಯ ಅಭ್ರಕ. ಚಾಕುವಿನ ಮೊನೆಗೆ ಅದು ಸೋಲಬಹುದು. ಉಕ್ಕನ್ನು ಕೊರೆಯುವುದು ಅದರೊಳಗೆ ಹುದುಗಿರುವ ಮ್ಯಾಂಗನೀಸ್‌ಯುಕ್ತ ಗಾರ್ನೆಟ್ ಹರಳುಗಳು. ಇವು ಬಹುಮುಖವಾಗಿ ದುಂಡಗಿರುವುದರಿಂದ ಆಳವಾಗಿ ಗೀರದೆ ನವಿರಾಗಿ ಮಸೆಯುತ್ತವೆ. ಗಾರ್ನೆಟ್ಟಿನ ಗುರುತ್ವ 4ಕ್ಕೂ ಮಿಕ್ಕಿರುವುದರಿಂದ ಈ ಕಲ್ಲು ಅದೇ ಗಾತ್ರದ ನೊವ್ಯಾಕ್ಯುಲೈಟಿಗಿಂತ ಭಾರವಾಗಿರುವುದು. ಬೆನ್ನಿಗೆ ಅಂಟಿಸಿದ ಸ್ಲೇಟುಕಲ್ಲು ಇದರ ಮತ್ತೊಂದು ಸುಳಿವು. ಆದರೆ ತೂಗುವಾಗ ಆ ಬೆನ್ನು ಲೆಕ್ಕವನ್ನು ಕೆಡಿಸುವುದೆಂಬುದನ್ನು ಮರೆಯಲಾಗದು.

ಆದುದರಿಂದ ಗೀರು, ಬೆಳಕು, ಮುರುಕು, ತೂಕ ಇವೆಲ್ಲವೂ ಒಂದೇ ಮಾತನ್ನಾಡಿದಾಗ ಮಾತ್ರ ನಾವು ಕಲ್ಲಿಗೆ ಹೆಸರಿಡಬಹುದು. ಆ ಹೆಸರು ಕೂಡ ಜನ್ಮಸ್ಥಾನವನ್ನಷ್ಟೇ ತಿಳಿಸುವುದು. ಒಂದೇ ಗಣಿಯ ಎರಡು ತುಂಡುಗಳ ಗುಣದಲ್ಲಿ ಅಂತರವಿರುವುದರಿಂದ, ಕೊನೆಯ ತೀರ್ಪನ್ನು ಮಸೆದ ಅಲಗಿಗೇ ಬಿಡಬೇಕಾಗುವುದು.