ಕೋನ್ ತುದಿಯ ಅಕ್ಷರ

ಕೇಕಿನ ಮೇಲಿನ ಹೆಸರು ಕೋನಿನ ತೂತಿನಿಂದ ಇಳಿದ ಎಳೆ. ಪೆನ್ನು ಕಾಗದಕ್ಕೆ ತಾಗಿ ಗೀಚುತ್ತದೆ. ಕೋನ್ ಮಾತ್ರ ಕೇಕಿಗೆ ತಾಗದೆ ತುಸು ಮೇಲೆ ನಿಂತು ಎಳೆ ಬಿಡುತ್ತದೆ. ಬಿದ್ದ ಎಳೆ ತನ್ನ ಭಾರಕ್ಕೆ ತಾನೇ ಕೂರಬೇಕು. ರಂಗೋಲಿ ಎಳೆಯುವವರಿಗೆ, ಮದರಂಗಿ ಹಾಕುವವರಿಗೆ, ತೂತಿನ ಬಟ್ಟೆ ಹಿಂಡಿ ಕಾದ ಎಣ್ಣೆಗೆ ಜಿಲೇಬಿ ಬಿಡುವವರಿಗೆ ಈ ಕೈಚಳಕ ಹೊಸದೇನಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಯ ಒಡವೆಗಳನ್ನು ಕಲ್ಲಿನ ಪುಡಿ, ಅಂಟುಗಳ ಮಿಶ್ರಣದಿಂದ ಉಬ್ಬಿಸಿ ಬಿಡಿಸುವುದೂ ಇದೇ ಜಾತಿಯ ಕೆಲಸ.

ಬೇಕರಿ ವೃತ್ತಿ ಕರ್ನಾಟಕದ ಊರೂರಿಗೆ ಹರಡಿದ್ದರಲ್ಲಿ ಹಾಸನ ಸೀಮೆಯವರ ಪಾಲು ದೊಡ್ಡದು. ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯನ್ನು ಅಯ್ಯಂಗಾರ್ ಬೇಕರಿಗಳ ಮೂಲವೆಂದು ಹೇಳುತ್ತಾರೆ. ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತುಗಳ ಆ ಕಪಾಟಿಗೆ ಕ್ರೀಮ್ ಕೇಕು ಬಂದದ್ದು ತಡವಾಗಿ. ಗಂಗಾವತಿ–ಸಿಂಧನೂರು ರಸ್ತೆಯ ಮೇಲಿನ, ಭತ್ತ ಮತ್ತು ಅಕ್ಕಿ ಗಿರಣಿಗಳ ಊರಾದ, ಅದೇ ಕೊಪ್ಪಳ ಜಿಲ್ಲೆಯ ಕಾರಟಗಿಯಂಥ ಕಡೆಯೂ ಈಗ ಹುಟ್ಟುಹಬ್ಬವೆಂದರೆ ಕೇಕು. ಕೇಕು ಆರಿಸಿದ ಕೂಡಲೇ ಕೇಳಿಬರುವ ಮಾತು: ‘ಹೆಸರೇನ್ ಬರೀಬೇಕ್ರೀ?’ ಮುಂದಿನದೆಲ್ಲ ಐದು ನಿಮಿಷದ ಕೆಲಸ, ಗಿರಾಕಿಯ ಕಣ್ಣೆದುರಿಗೇ.

ಸಾಮಾನು ಸ್ವಲ್ಪವೇ. ಬೆಣ್ಣೆ ಕಾಗದ ಅಥವಾ ತೆಳು ಪ್ಲಾಸ್ಟಿಕ್ ಹಾಳೆಯನ್ನು ತ್ರಿಕೋನವಾಗಿ ಕತ್ತರಿಸಿ ಸುತ್ತಿದರೆ ಕೋನ್. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಹಿಂಡುವಾಗ ಹಿಂದಿನಿಂದ ಉಕ್ಕುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಎಳೆ ಒಂದು ಕಡೆಗೆ ಸುರುಳುತ್ತದೆ. ನೇರವಾಗಿ, ಅದೂ ಅಂದಾಜಿಗಿಂತ ಕಡಿಮೆ ಕತ್ತರಿಸುವುದು ವಾಡಿಕೆ. ಸಣ್ಣ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಸಣ್ಣದು ಮಾಡಲಾಗದು. ಲೋಹದ ನಾಜಲ್ ಬಳಸುವವರಿಗೆ 1, 2, 3ನೇ ನಂಬರಿನ ದುಂಡು ಬಾಯಿಯವು ಅಕ್ಷರಕ್ಕೆ ಸರಿ. ಏನೇ ಇರಲಿ, ಮೊದಲ ಎಳೆ ತಟ್ಟೆಯ ಮೇಲೆ, ಎರಡನೆಯದು ಕೇಕಿನ ಮೇಲೆ.

ಕೋನಿನೊಳಗೆ ಏನಿದೆ ಎಂಬುದರ ಮೇಲೆ ಅಕ್ಷರದ ಆಯುಷ್ಯ ನಿಂತಿದೆ. ವಿಪ್ಪಿಂಗ್ ಕ್ರೀಮನ್ನು ಅತಿಯಾಗಿ ಕಡೆದರೆ ಎಳೆ ಒರಟಾಗಿ ತುಂಡಾಗುತ್ತದೆ; ಒಳಗೆ ಗಾಳಿಗುಳ್ಳೆ ಉಳಿದರೆ ಅಕ್ಷರದ ನಡುವೆ ಟಪ್ಪೆಂದು ಒಡೆಯುತ್ತದೆ. ಹೊಳೆಯುವ ಜೆಲ್ ಸಲೀಸಾಗಿ ಇಳಿಯುತ್ತದಾದರೂ ಫ್ರಿಜ್ಜಿನಿಂದ ಹೊರಬಂದ ಕೇಕು ಬೆವರಿದಾಗ ಕೆಂಪು, ನೀಲಿ ಬಣ್ಣಗಳು ಬಿಳಿ ಕ್ರೀಮಿಗೆ ಹಬ್ಬುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕರಗಿಸಿದ ಚಾಕೊಲೇಟು ಎಲ್ಲಕ್ಕಿಂತ ನಂಬಿಕಸ್ಥ. ಅದು ತೀರ ನೀರಾಗಿ ಹರಿದರೆ ಒಂದೆರಡು ಹನಿ ನೀರು ಬೆರೆಸುತ್ತಾರೆ. ನೀರು ಹಾಕಿದರೆ ಇನ್ನೂ ತೆಳ್ಳಗಾಗಬೇಕು ಅನ್ನಿಸುತ್ತದೆ; ಆಗುವುದು ತಿರುವುಮುರುವು. ಚಾಕೊಲೇಟಿನ ಸಕ್ಕರೆ, ಕೋಕೋ ಕಣಗಳು ಆ ಹನಿಗೆ ಅಂಟಿಕೊಂಡು ಮಿಶ್ರಣ ಗಟ್ಟಿಯಾಗುತ್ತದೆ, ಎಳೆ ನಿಲ್ಲುತ್ತದೆ.

ಇಷ್ಟು ಯಾವ ಲಿಪಿಗಾದರೂ ಒಂದೇ. ಕನ್ನಡ ಬಂದಾಗ ಲೆಕ್ಕ ಬೇರೆ. ಕನ್ನಡದ ದುಂಡಗಿನ ತಿರುವುಗಳು ಕೋನಿಗೆ ಹೇಳಿ ಮಾಡಿಸಿದಂತಿವೆ. ಇಂಗ್ಲಿಷಿನ ಎ, ಎಚ್, ಕೆ ಬರೆಯಲು ಎರಡು–ಮೂರು ಸಲ ಕೋನ್ ಎತ್ತಿ ಇಳಿಸಬೇಕು, ಎತ್ತಿದಾಗಲೆಲ್ಲ ಒಂದು ಬಾಲ ಉಳಿಯುತ್ತದೆ. ಕನ್ನಡದ ‘ರ’, ‘ಗ’ಗಳ ಒಡಲು ಒಂದೇ ಉಸಿರಿಗೆ ಮುಗಿದು, ತಲೆಕಟ್ಟು ಕೊನೆಗೆ ಬೀಳುತ್ತದೆ. ಆದರೂ ಬೇಕರಿಯಲ್ಲಿ ಇಂಗ್ಲಿಷೇ ಹೆಚ್ಚು. ಕಾರಣ ಜಾಗ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಅಂತಸ್ತಿನವು. ಕನ್ನಡಕ್ಕೆ ಮೂರು ಅಂತಸ್ತು ಬೇಕು: ಮೇಲೆ ಗುಡಿಸು, ನಡುವೆ ಒಡಲು, ಕೆಳಗೆ ಒತ್ತು. ಅರ್ಧ ಕಿಲೋ ಕೇಕಿನ ಅಗಲ ಸುಮಾರು 6 ಇಂಚು. ಅಂಚಿನ ಹೂವುಗಳು ಎರಡೂ ಕಡೆ ಒಂದೊಂದು ಇಂಚು ತಿಂದರೆ ಉಳಿದದ್ದು ನಾಲ್ಕು. ‘ಶುಭಾಶಯಗಳು’ ಎಂಬ ಆರು ಅಕ್ಷರ ಅದರಲ್ಲಿ ಕೂರಬೇಕೆಂದರೆ ಒಂದಕ್ಕೆ ಮುಕ್ಕಾಲು ಇಂಚೂ ಸಿಗದು. ಅದರ ಮೇಲಿನ ಸಾಲಿನ ‘ಹುಟ್ಟುಹಬ್ಬದ’ ಟ-ಒತ್ತು, ಬ-ಒತ್ತುಗಳು ಕೆಳಗಿಳಿದು ‘ಶುಭಾಶಯ’ದ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ.

ಇನ್ನು ಮಹಾಪ್ರಾಣ, ಷಕಾರಗಳ ಪಾಡು. ಎಳೆ ದಪ್ಪವಾದರೆ ‘ಭ’ದ ಅಡಿಯ ಸೀಳು ಮುಚ್ಚಿ ‘ಬ’ ಆಗುತ್ತದೆ, ಹೊಟ್ಟೆ ಸೀಳಿದ ‘ಷ’ ತುಂಬಿಕೊಂಡು ‘ಪ’ದಂತೆ ಕಾಣುತ್ತದೆ, ‘ಠ’ದ ಚುಕ್ಕೆ ಕರಗಿ ‘ರ’ ಉಳಿಯುತ್ತದೆ. ಕ್ರೀಮಿನಲ್ಲಿ ಕಾಗುಣಿತ ದೋಷವೆಂದರೆ ಬಹುಪಾಲು ಇದೇ. ಈ ಕಡೆಯ ಹೆಸರುಗಳಲ್ಲಿ ಪಂಪಾಪತಿ ಸುಲಭ: ಒತ್ತಿಲ್ಲ, ಗುಡಿಸು ಒಂದೇ. ಮಲ್ಲಿಕಾರ್ಜುನ ಬಂದರೆ ಕೈ ತಡೆಯುತ್ತದೆ. ‘ಲ್ಲಿ’ಗೆ ಮೂರಂತಸ್ತೂ ಬೇಕು, ಅರ್ಕಾವತ್ತಿಗೆ ಬಲಗಡೆ ಬೇರೆ ಜಾಗ ಬಿಡಬೇಕು. ಕಾರಟಗಿ ಸುತ್ತಲಿನ ‘ಕ್ಯಾಂಪು’ಗಳೆಂಬ ವಲಸಿಗ ರೈತರ ಊರುಗಳಲ್ಲಿ ತೆಲುಗು ಮಾತಾಡುವ ಕುಟುಂಬಗಳು ಬಹಳ. ಅವರ ಲಿಪಿಯೂ ಕನ್ನಡದ ಒಡಹುಟ್ಟಾದ್ದರಿಂದ ದುಂಡು ಎಳೆಗೆ ಪಳಗಿದ ಕೈಗೆ ಅದು ಪರಕೀಯವಲ್ಲ.

ಜಾಗದ ಪೇಚಿಗೆ ಪರಿಹಾರ ಬರೆಯುವ ಮೊದಲೇ ಆಗಬೇಕು. ಅಕ್ಷರ ಎಣಿಸಿ, ನಡುವಿನ ಅಕ್ಷರದ ಜಾಗವನ್ನು ಹಲ್ಲುಕಡ್ಡಿಯಿಂದ ಗುರುತಿಸಿ, ಅಲ್ಲಿಂದ ಎಡಬಲಕ್ಕೆ ಹಂಚಿಕೊಳ್ಳುತ್ತಾರೆ. ಹೆಸರು ಮೊದಲು, ಶುಭಾಶಯ ಆಮೇಲೆ. ಎಡದಿಂದ ಬರೆಯುತ್ತ ಹೊರಟು ಕೊನೆಯ ಎರಡಕ್ಷರವನ್ನು ಅಂಚಿಗೆ ತುರುಕುವುದು ಹೊಸಬರ ಗುರುತು. ಕೇಕು ಚೆನ್ನಾಗಿ ತಣ್ಣಗಿರಬೇಕು. ಬರೆಯುವ ಕೈಗೆ ಇನ್ನೊಂದು ಕೈಯ ಬೆರಳಿನ ಆಸರೆ ಬೇಕು. ಮಣಿಕಟ್ಟಿಗಿಂತ ಇಡೀ ತೋಳು ಚಲಿಸಬೇಕು. ಅಕ್ಷರ ಮುಗಿಯುವ ಮುನ್ನವೇ ಹಿಂಡುವುದು ನಿಲ್ಲಿಸಿ, ತುದಿಯನ್ನು ಕೇಕಿಗೆ ಮುಟ್ಟಿಸಿ ಎತ್ತಿದರೆ ಬಾಲ ಬರುವುದಿಲ್ಲ. ತಪ್ಪಿದರೆ ಒರೆಸಬಾರದು. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಚಾಕುವಿನ ತುದಿಯಿಂದ ಎಬ್ಬಿಸಬೇಕು, ಇಲ್ಲವೇ ಅದರ ಮೇಲೊಂದು ಹೂವು ಕೂರಿಸಬೇಕು. ಧೈರ್ಯ ಸಾಲದವರು ಚಾಕೊಲೇಟಿನ ಬಿಲ್ಲೆಯ ಮೇಲೆ ಬೇರೆಯಾಗಿ ಬರೆದು ಕೇಕಿಗೆ ಒರಗಿಸುತ್ತಾರೆ. ಬಿಲ್ಲೆ ಕೆಟ್ಟರೆ ಇನ್ನೊಂದು.

ಬಣ್ಣದ ವಿಚಾರದಲ್ಲಿ ಎಚ್ಚರ ಬೇಕು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕು ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು; ಅವುಗಳಲ್ಲಿ ಟಾರ್ಟ್ರಜಿನ್, ಕಾರ್ಮೋಸಿನ್‌ನಂಥ ಕೃತಕ ಬಣ್ಣಗಳಿದ್ದವು. ಬಿಳಿ ಕ್ರೀಮಿನ ಮೇಲೆ ಕಂದು ಚಾಕೊಲೇಟಿನ ಅಕ್ಷರದಷ್ಟು ಸ್ಪಷ್ಟವಾಗಿ ಕಾಣುವುದು ಬೇರೆ ಇಲ್ಲ, ಅದಕ್ಕೆ ಬಣ್ಣದ ಹಂಗೂ ಇಲ್ಲ. ವೃತ್ತಿ ಕಲಿಯಬಯಸುವವರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಉಂಟು. ಮನೆಯಲ್ಲಿ ಅಭ್ಯಾಸಕ್ಕೆ ಸ್ಟೀಲ್ ತಟ್ಟೆ ಸಾಕು: ಬರೆದು, ಕೆರೆದು, ಅದನ್ನೇ ಮತ್ತೆ ಕೋನಿಗೆ ತುಂಬಬಹುದು.

ಕೇಕು ಮಾಡಿಸುವವರು ಹೆಸರನ್ನು ಫೋನಿನಲ್ಲಿ ಹೇಳದೆ ಚೀಟಿಯಲ್ಲಿ, ಕನ್ನಡದಲ್ಲೇ ಬರೆದುಕೊಡಲಿ. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಬೇಕರಿಯವರು ಕನ್ನಡಕ್ಕೆ ತಂದರೆ ‘ಲ’ ಎಲ್ಲಿ ‘ಳ’ ಎಲ್ಲಿ ಎಂಬುದು ಅವರಿಗೆ ತಿಳಿಯುವುದಿಲ್ಲ.